ಆಕಾಶದಲ್ಲಿ ಕಂಡದ್ದೇನು? ಕಂಡವನ ಮಾತಿಗೆ ಬೆಲೆ ಎಷ್ಟು?

ಆಕಾಶದಲ್ಲಿ ಕಾಣಿಸಿಕೊಂಡು ಏನೆಂದು ಗುರುತು ಸಿಗದ ವಸ್ತುಗಳ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆ 2024ರ ನವೆಂಬರ್‌ನಲ್ಲಿ ಒಂದು ವರದಿ ಪ್ರಕಟಿಸಿತು. ಅದರಲ್ಲಿ 757 ಪ್ರಕರಣಗಳ ಲೆಕ್ಕವಿದೆ. ಇವುಗಳಲ್ಲಿ 392 ಬಂದದ್ದು ಸೈನ್ಯದಿಂದಲ್ಲ, ನಾಗರಿಕ ವಿಮಾನಯಾನ ಇಲಾಖೆಯ ಮೂಲಕ. ಬಲೂನು, ಹಕ್ಕಿ, ಡ್ರೋನ್, ಉಪಗ್ರಹ ಎಂದು ಹಲವು ಪ್ರಕರಣಗಳು ಇತ್ಯರ್ಥವಾದವು. ಮಾಹಿತಿ ಸಾಲದು ಎಂದು 444 ಪ್ರಕರಣಗಳನ್ನು ಬದಿಗಿಡಲಾಯಿತು. 21ನ್ನು ಇನ್ನಷ್ಟು ಪರಿಶೀಲಿಸಬೇಕು ಎಂದು ಹೇಳಲಾಯಿತು. ಅನ್ಯಲೋಕದ ಜೀವಿಗಳ ಬಗ್ಗೆ ಯಾವ ಪುರಾವೆಯೂ ಇಲ್ಲ ಎಂಬುದು ವರದಿಯ ಸಾರ.

ಇಂಥ ಸುದ್ದಿ ಬಂದಾಗಲೆಲ್ಲ ಜನರ ಕುತೂಹಲವೆಲ್ಲ ಆ ಇಪ್ಪತ್ತೊಂದರ ಮೇಲೆಯೇ ಇರುತ್ತದೆ. ನಾವು ಇಲ್ಲಿ ಕೇಳಬಯಸುವ ಪ್ರಶ್ನೆ ಬೇರೆ. ತಾನು ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳಿದ ಸಾಮಾನ್ಯ ಮನುಷ್ಯನನ್ನು ಸೈನ್ಯ ಹೇಗೆ ನಡೆಸಿಕೊಳ್ಳುತ್ತದೆ? ಉತ್ತರ ಹುಡುಕಲು ಅರುವತ್ತು ವರ್ಷ ಹಿಂದಿನ ಎರಡು ಪ್ರಕರಣಗಳನ್ನು ನೋಡಬೇಕು.

ಮೊದಲನೆಯದು ನ್ಯೂ ಮೆಕ್ಸಿಕೋ ರಾಜ್ಯದ ಸೊಕೊರೊ ಎಂಬ ಸಣ್ಣ ಪಟ್ಟಣದ್ದು. 1964ರ ಏಪ್ರಿಲ್ 24ರ ಸಂಜೆ ಲೋನಿ ಜಮೋರಾ ಎಂಬ ಪೊಲೀಸ್ ಸಿಬ್ಬಂದಿ ವೇಗವಾಗಿ ಓಡುತ್ತಿದ್ದ ಕಾರೊಂದನ್ನು ಬೆನ್ನಟ್ಟುತ್ತಿದ್ದರು. ಆಗ ದೊಡ್ಡ ಸದ್ದು ಕೇಳಿ, ಬೆಂಕಿಯ ಜ್ವಾಲೆ ಕಾಣಿಸಿತು. ಹತ್ತಿರದ ಡೈನಮೈಟ್ ದಾಸ್ತಾನು ಸಿಡಿದಿರಬೇಕೆಂದು ಎಣಿಸಿ, ಕಾರನ್ನು ಬಿಟ್ಟು ಅವರು ಅತ್ತ ಹೋದರು. ದೂರದಿಂದ ಮಗುಚಿಬಿದ್ದ ಕಾರಿನಂತೆ ಕಂಡದ್ದು, ಹತ್ತಿರ ಹೋದಾಗ ಮೊಟ್ಟೆಯಾಕಾರದ ಬಿಳಿ ವಸ್ತುವಾಗಿತ್ತು. ಅದರ ಬಳಿ ಬಿಳಿ ಉಡುಪಿನ ಇಬ್ಬರನ್ನು ಕಂಡೆನೆಂದೂ ಅವರು ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಆ ವಸ್ತು ಬೆಂಕಿ ಕಾರುತ್ತಾ ಮೇಲೆದ್ದು ಹಾರಿಹೋಯಿತು. ಜಮೋರಾ ಹೆದರಿ ಓಡಿದ್ದರು.

ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಬಂದ ಇನ್ನೊಬ್ಬ ಪೊಲೀಸ್ ಅಧಿಕಾರಿಗೆ ಸುಟ್ಟ ಪೊದೆಗಳೂ ನೆಲದಲ್ಲಿ ನಾಲ್ಕು ಕುಳಿಗಳೂ ಕಂಡವು. ಅದೇ ರಾತ್ರಿ ಸೇನೆಯ ಕ್ಯಾಪ್ಟನ್ ಒಬ್ಬರೂ ಎಫ್‌ಬಿಐ ಅಧಿಕಾರಿಯೂ ಜಮೋರಾರ ಹೇಳಿಕೆ ಪಡೆದರು. ವಾಯುಸೇನೆಯ ‘ಪ್ರಾಜೆಕ್ಟ್ ಬ್ಲೂ ಬುಕ್’ ವಿಭಾಗದ ಸಲಹೆಗಾರ, ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಸ್ಥಳಕ್ಕೇ ಹೋದರು. ವಿಭಾಗದ ಮುಖ್ಯಸ್ಥ ಹೆಕ್ಟರ್ ಕ್ವಿಂಟನಿಲ್ಲಾ ಹೆಲಿಕಾಪ್ಟರ್, ಬಲೂನು, ಚಂದ್ರನಲ್ಲಿಗೆ ಕಳುಹಿಸಲು ತಯಾರಾಗುತ್ತಿದ್ದ ವಾಹನ, ಹೀಗೆ ಸಾಧ್ಯವಿದ್ದ ಎಲ್ಲದರ ಬಗ್ಗೆಯೂ ವಿಚಾರಿಸಿದರು. ಉತ್ತರ ಸಿಗಲಿಲ್ಲ. ಕಡತದ ಮೇಲೆ ‘ಗುರುತಿಸಲಾಗಿಲ್ಲ’ ಎಂದೇ ಬರೆಯಲಾಯಿತು. ಕ್ವಿಂಟನಿಲ್ಲಾ ಅನ್ಯಲೋಕದ ಕತೆಗಳನ್ನು ನಂಬುವವರಲ್ಲ. ಆದರೂ ಜಮೋರಾ ಏನನ್ನೋ ಕಂಡದ್ದು ನಿಜ, ಅವರು ನಂಬಿಕೆಗೆ ಅರ್ಹರು ಎಂದು ಮುಂದೆ ಬರೆದರು. ಅದು ವಿದ್ಯಾರ್ಥಿಗಳ ಕುಚೇಷ್ಟೆ ಎಂಬ ವಾದವೂ ಆಮೇಲೆ ಬಂತು. ಅದೂ ಸಾಬೀತಾಗಲಿಲ್ಲ.

ಎರಡನೆಯ ಪ್ರಕರಣ 1966ರ ಮಾರ್ಚ್ ತಿಂಗಳಿನದು. ಮಿಶಿಗನ್ ರಾಜ್ಯದ ಡೆಕ್ಸ್‌ಟರ್ ಬಳಿ ಒಬ್ಬ ರೈತ ಮತ್ತು ಆತನ ಮಗ ತಮ್ಮ ಮನೆ ಸಮೀಪದ ಜೌಗು ನೆಲದಲ್ಲಿ ವಿಚಿತ್ರ ಬೆಳಕು ಕಂಡರು. ಮರುದಿನ ರಾತ್ರಿ ಹಿಲ್ಸ್‌ಡೇಲ್ ಕಾಲೇಜಿನ ಹಾಸ್ಟೆಲ್‌ನಿಂದ ಹತ್ತಾರು ವಿದ್ಯಾರ್ಥಿನಿಯರು ಅಂಥದೇ ಬೆಳಕು ನೋಡಿದರು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ವಾಯುಸೇನೆ ಮತ್ತೆ ಹೈನೆಕ್‌ರನ್ನು ಕಳುಹಿಸಿತು. ಕೆಲವೇ ದಿನಗಳಲ್ಲಿ, ಮಾರ್ಚ್ 25ರಂದು, ಡೆಟ್ರಾಯಿಟ್‌ನ ಪತ್ರಿಕಾಗೋಷ್ಠಿಯಲ್ಲಿ ಅವರು ಉತ್ತರ ಕೊಡಬೇಕಾಯಿತು. ಇವುಗಳಲ್ಲಿ ಕೆಲವು ಜೌಗು ನೆಲದ ಅನಿಲ ಹೊತ್ತಿ ಉಂಟಾದ ಬೆಳಕು ಇರಬಹುದು ಎಂದರು ಅವರು. ನಮ್ಮ ಹಿರಿಯರು ಕೊಳ್ಳಿದೆವ್ವ ಎನ್ನುತ್ತಿದ್ದರಲ್ಲ, ಅದೇ.

‘ಕೆಲವು’ ಮತ್ತು ‘ಇರಬಹುದು’ ಎಂಬ ಎರಡು ಮಾತುಗಳು ಪತ್ರಿಕೆಗಳಲ್ಲಿ ಮಾಯವಾದವು. ನಗೆಚಿತ್ರಗಳು ಬಂದವು. ಬೆಳಕು ಕಂಡವರು ನಗೆಪಾಟಲಾದರು. ಆಗ ಆ ರಾಜ್ಯದ ಸಂಸದರಾಗಿದ್ದ, ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್, ಜನರಿಗೆ ಇದಕ್ಕಿಂತ ಉತ್ತಮ ಉತ್ತರ ಸಲ್ಲಬೇಕು ಎಂದು ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದರು. ಅದರ ಫಲವಾಗಿ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಸ್ವತಂತ್ರ ಅಧ್ಯಯನ ನಡೆಯಿತು. ಈ ವಿಷಯದಲ್ಲಿ ವಿಜ್ಞಾನಕ್ಕೆ ಇನ್ನು ಹೆಚ್ಚಿನ ಲಾಭವಿಲ್ಲ ಎಂದು ಅದು ಹೇಳಿದ ಮೇಲೆ 1969ರ ಡಿಸೆಂಬರ್‌ನಲ್ಲಿ ಬ್ಲೂ ಬುಕ್ ಮುಚ್ಚಿತು. ಒಟ್ಟು 12,618 ಪ್ರಕರಣಗಳಲ್ಲಿ 701 ಕೊನೆಗೂ ಬಿಡಿಸಲಾಗದೆ ಉಳಿದವು.

ಎರಡೂ ಕಡೆ ಅದೇ ಸೈನ್ಯ, ಅದೇ ವಿಜ್ಞಾನಿ. ವ್ಯತ್ಯಾಸ ಎಲ್ಲಿ? ಸೊಕೊರೊದಲ್ಲಿ ಕೇಳಿ, ನೋಡಿ, ಗೊತ್ತಾಗದ್ದನ್ನು ಗೊತ್ತಿಲ್ಲ ಎಂದರು. ಮಿಶಿಗನ್‌ನಲ್ಲಿ ಗದ್ದಲ ಅಡಗಿಸಲು ಉತ್ತರ ಬೇಕಾಗಿತ್ತು. ಸೈನ್ಯದ ಮುಖ್ಯ ಪ್ರಶ್ನೆ ಯಾವತ್ತೂ ಒಂದೇ: ಇದರಿಂದ ದೇಶಕ್ಕೆ ಅಪಾಯವಿದೆಯೇ? ಅಪಾಯವಿಲ್ಲ ಎಂದು ತಿಳಿದೊಡನೆ ಅದರ ಆಸಕ್ತಿ ಮುಗಿಯುತ್ತದೆ. ಅದು ತಪ್ಪಲ್ಲ, ಅದರ ಕೆಲಸವೇ ಅದು. ಆದರೆ ಕಂಡವನ ಮಾನ ಅಲ್ಲಿಗೆ ಮುಗಿಯುವುದಿಲ್ಲ. ಆತ ಅದೇ ಊರಿನಲ್ಲಿ, ಅದೇ ನೆರೆಕರೆಯವರ ನಡುವೆ ಬದುಕಬೇಕು.

ಕಂಡದ್ದು ಬೇರೆ, ಕಂಡದ್ದಕ್ಕೆ ಕೊಡುವ ಹೆಸರು ಬೇರೆ ಎಂಬುದನ್ನೂ ನಾವು ಮರೆಯಬಾರದು. 2012-13ರಲ್ಲಿ ಲಡಾಖ್ ಗಡಿಯ ನಮ್ಮ ಯೋಧರು ರಾತ್ರಿ ಆಕಾಶದಲ್ಲಿ ಬೆಳಗುವ ವಸ್ತುಗಳನ್ನು ಕಂಡು ಚೀನಾದ ಡ್ರೋನ್ ಎಂದು ಶಂಕಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳು ಎಂದು ತಿಳಿಸಿದರು. ಯೋಧರು ಸುಳ್ಳು ಹೇಳಿರಲಿಲ್ಲ. ಅವರ ಕಣ್ಣು ಸರಿಯಿತ್ತು, ಊಹೆ ಮಾತ್ರ ತಪ್ಪಿತ್ತು.

ನಮ್ಮ ಧರ್ಮಸಭೆಗೆ ಇಂಥ ವಿವೇಚನೆ ಹೊಸದಲ್ಲ. ದರ್ಶನವಾಯಿತು, ಪ್ರತಿಮೆಯಿಂದ ಕಣ್ಣೀರು ಹರಿಯಿತು ಎಂಬ ಮಾತು ಬಂದಾಗ ಧರ್ಮಾಧ್ಯಕ್ಷರು ಏನು ಮಾಡಬೇಕೆಂದು ವ್ಯಾಟಿಕನ್ 2024ರ ಮೇ ತಿಂಗಳಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. ತನಿಖೆ ಆರು ಬಗೆಯ ತೀರ್ಮಾನಗಳಲ್ಲಿ ಒಂದಕ್ಕೆ ಬರಬಹುದು. ಸಾಮಾನ್ಯವಾಗಿ ಇದು ದೈವಿಕವೆಂದು ಸಾರುವುದೂ ಇಲ್ಲ, ದುಡುಕಿ ತಳ್ಳಿಹಾಕುವುದೂ ಇಲ್ಲ. ಸಾಕ್ಷಿಯನ್ನು ಕೇಳಬೇಕು, ಮೋಸವಿದೆಯೇ ನೋಡಬೇಕು, ಅವಸರ ಮಾಡಬಾರದು. ಎಂಟನೆಯ ದೇವರಾಜ್ಞೆ ನಮಗೆ ಸುಳ್ಳುಸಾಕ್ಷಿಯನ್ನು ಮಾತ್ರವಲ್ಲ, ಪರರ ಬಗ್ಗೆ ದುಡುಕಿನ ತೀರ್ಪನ್ನೂ ನಿಷೇಧಿಸುತ್ತದೆ ಎಂದು ಧರ್ಮೋಪದೇಶ ಕಲಿಸುತ್ತದೆ.

ಆಕಾಶವನ್ನು ಪರೀಕ್ಷಿಸುವುದರಿಂದ ವಿಶ್ವಾಸಕ್ಕೆ ಕುಂದಿಲ್ಲ. ವ್ಯಾಟಿಕನ್‌ಗೆ ತನ್ನದೇ ಖಗೋಳ ವೀಕ್ಷಣಾಲಯವಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ನಿರ್ದೇಶಕರಾದ ಯೇಸುಸಭೆಯ ವಂದನೀಯ ರಿಚರ್ಡ್ ಡಿಸೋಜರು ನಮ್ಮ ನೆರೆಯ ಗೋವಾದವರು ಎಂಬುದು ನಮಗೆ ಸಂತಸದ ವಿಷಯ.

ಈ ಮಾತು ನಮ್ಮ ಕರಾವಳಿಗೂ ಸಲ್ಲುತ್ತದೆ. 2008ರ ಮುಂಬೈ ದಾಳಿಯ ಬಳಿಕ, ಸಮುದ್ರದಲ್ಲಿ ಅಪರಿಚಿತ ದೋಣಿಯನ್ನೋ ಬೆಳಕನ್ನೋ ಕಂಡರೆ ತಿಳಿಸಿ ಎಂದು ಮೀನುಗಾರರನ್ನು ಕೇಳಿಕೊಳ್ಳಲಾಗುತ್ತಿದೆ. ತಿಳಿಸಿದ ಹತ್ತರಲ್ಲಿ ಒಂಬತ್ತು ಏನೂ ಅಲ್ಲದಿರಬಹುದು. ಆದರೆ ಮೊದಲ ಸಲ ಹೇಳಿದವನನ್ನು ಠಾಣೆಯಲ್ಲೋ ಮೀನುಗಾರಿಕಾ ಬಂದರಿನಲ್ಲೋ ಗೇಲಿ ಮಾಡಿದರೆ ಹತ್ತನೆಯದನ್ನು ಕಂಡವನು ಬಾಯಿ ತೆರೆಯುವುದಿಲ್ಲ. ಅಧಿಕಾರಿಗಳು ಮಾತ್ರವಲ್ಲ, ಚರ್ಚಿನ ಅಂಗಳದಲ್ಲಿ ನಿಂತು ಮಾತನಾಡುವ ನಾವೂ ಇದನ್ನು ನೆನಪಿಡಬೇಕು. ನೆರೆಯವನು ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ. ಪೂರ್ತಿ ಕೇಳಿಸಿಕೊಳ್ಳುವಷ್ಟು ತಾಳ್ಮೆ, ತಿಳಿಯದಾಗ ತಿಳಿಯದು ಎನ್ನುವಷ್ಟು ವಿನಯ ಇದ್ದರೆ ಸಾಕು.