ಸಣ್ಣ ವರ್ತಕರು ಮತ್ತು ತೆರಿಗೆ ಬದಲಾವಣೆಗಳು: ವರ್ಷಾರಂಭಕ್ಕೆ ಮುನ್ನ ಮಾಡಬೇಕಾದ ಲೆಕ್ಕ

ಎರಡು ದಶಕಗಳಿಗೆ ತುಸು ಮೀರಿದ ಅವಧಿಯಲ್ಲಿ ರಾಜ್ಯದ ವರ್ತಕರು ಮೂರು ತೆರಿಗೆ ಪದ್ಧತಿಗಳನ್ನು ಕಂಡಿದ್ದಾರೆ. ಹಿಂದಿನ ಮಾರಾಟ ತೆರಿಗೆಯ ಸ್ಥಾನದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆಯೂ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿಯೂ ಜಾರಿಗೆ ಬಂದವು. 2025ರಲ್ಲಿ ನಡೆದ ಎರಡು ಬೆಳವಣಿಗೆಗಳು ಸಣ್ಣ ವರ್ತಕರನ್ನು ನೇರವಾಗಿ ತಟ್ಟಿದವು. ಜುಲೈ ತಿಂಗಳಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ನೋಟಿಸುಗಳು ಜಾರಿಯಾದವು. ಸೆಪ್ಟೆಂಬರ್ 22ರಿಂದ ತೆರಿಗೆ ದರಗಳು ಬದಲಾದವು. ಇವುಗಳಿಂದ ವ್ಯಾಪಾರದ ಯೋಜನೆಯ ಮೇಲಾಗುವ ಪರಿಣಾಮವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

1. ನೋಟಿಸುಗಳಿಂದ ತಿಳಿದುಬಂದ ಸಂಗತಿ

2021-22ರಿಂದ 2024-25ರವರೆಗಿನ ಅವಧಿಯಲ್ಲಿ ಯುಪಿಐ ಮೂಲಕ ನೋಂದಣಿ ಮಿತಿಗಿಂತ ಹೆಚ್ಚು ಹಣ ಪಡೆದಿದ್ದರೂ ನೋಂದಣಿ ಹೊಂದದ ವರ್ತಕರಿಗೆ ಈ ನೋಟಿಸುಗಳನ್ನು ನೀಡಲಾಗಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಮತ್ತು ಹಾಲಿನ ಅಂಗಡಿಗಳ ಮಾಲೀಕರೂ ಇವರಲ್ಲಿದ್ದರು. ಕೆಲವರು ಕ್ಯೂಆರ್ ಕೋಡ್ ತೆಗೆದುಹಾಕಿ ‘ನಗದು ಮಾತ್ರ’ ಎಂಬ ಫಲಕ ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳ ಸಭೆ ನಡೆಸಿ, ವಿನಾಯಿತಿ ಪಡೆದ ಸರಕುಗಳ ವರ್ತಕರಿಂದ ತೆರಿಗೆ ವಸೂಲಿ ಮಾಡುವುದಿಲ್ಲವೆಂದೂ, ನೋಂದಣಿಗೆ ಬಾಧ್ಯರಾದವರು ನೋಂದಣಿ ಮಾಡಿಸಿಕೊಳ್ಳಬೇಕೆಂದೂ ತಿಳಿಸಿದರು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೆಂದರೆ, ತೆರಿಗೆ ಬಾಧ್ಯತೆಯು ವಹಿವಾಟಿನ ಮೇಲೆ ನಿಂತಿದೆಯೇ ಹೊರತು ಹಣ ಪಡೆಯುವ ವಿಧಾನದ ಮೇಲಲ್ಲ. ನಗದು ಮಾರಾಟವೂ ವಹಿವಾಟಿಗೆ ಸೇರುತ್ತದೆ. ಅಂತೆಯೇ ಖಾತೆಗೆ ಬಂದ ಹಣವೆಲ್ಲವೂ ವಹಿವಾಟಲ್ಲ. ಬಂಧುಗಳು ಕಳುಹಿಸಿದ ಹಣ, ಕೈಸಾಲ, ಸ್ವಂತ ಖಾತೆಗಳ ನಡುವಿನ ವರ್ಗಾವಣೆ ಇವು ಮಾರಾಟವಲ್ಲ. ಆದರೆ ಅದನ್ನು ತೋರಿಸಿಕೊಡಲು ದಾಖಲೆ ಬೇಕಾಗುತ್ತದೆ. ಅಂಗಡಿಗೂ ಮನೆಗೂ ಒಂದೇ ಖಾತೆ ಇದ್ದಲ್ಲಿ ವರ್ಷಗಳ ನಂತರ ವಿವರಣೆ ನೀಡುವುದು ಕಷ್ಟ.

2. ನೋಂದಣಿಯ ಮಿತಿ

ರಾಜ್ಯದಲ್ಲಿ ಸರಕುಗಳನ್ನು ಮಾತ್ರ ಮಾರಾಟ ಮಾಡುವವರಿಗೆ 2019ರ ಏಪ್ರಿಲ್ 1ರಿಂದ ವಾರ್ಷಿಕ 40 ಲಕ್ಷ ರೂ., ಸೇವೆ ಒದಗಿಸುವವರಿಗೆ 20 ಲಕ್ಷ ರೂ. ಮಿತಿ ಅನ್ವಯಿಸುತ್ತದೆ. ದಿನವಹಿ ಲೆಕ್ಕದಲ್ಲಿ ಇದು ಸುಮಾರು 11,000 ರೂ. ಮತ್ತು 5,500 ರೂ. ಮಾರಾಟವಾಗುತ್ತದೆ. ಅಂಗಡಿಯಲ್ಲಿಯೇ ಕಾಫಿ, ತಿಂಡಿ ಬಡಿಸುವುದು ಸೇವೆಯಾದುದರಿಂದ ಅಂತಹವರು 40 ಲಕ್ಷದ ಮಿತಿಯನ್ನು ನೆಚ್ಚಿಕೊಳ್ಳಲಾಗದು.

ಹಾಲು, ತರಕಾರಿಯಂತಹ ವಿನಾಯಿತಿ ಸರಕುಗಳನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಅಗತ್ಯವಿಲ್ಲ. ಆದರೆ ತೆರಿಗೆಯುಳ್ಳ ಸರಕನ್ನೂ ಜೊತೆಗೆ ಮಾರುವವರು ಮಿತಿಯನ್ನು ಲೆಕ್ಕ ಹಾಕುವಾಗ ಎರಡನ್ನೂ ಕೂಡಿಸಬೇಕು. ಬಹುಪಾಲು ದಿನಸಿ ಅಂಗಡಿಗಳು ಈ ವರ್ಗಕ್ಕೆ ಸೇರುತ್ತವೆ.

3. ರಾಜಿ ತೆರಿಗೆಯೋ, ಸಾಮಾನ್ಯ ಪದ್ಧತಿಯೋ

ಉದಾಹರಣೆಗೆ, ಒಂದು ದಿನಸಿ ಅಂಗಡಿಯ ವಾರ್ಷಿಕ ವಹಿವಾಟು 48 ಲಕ್ಷ ರೂ. ಇದ್ದು, ಅದರಲ್ಲಿ 18 ಲಕ್ಷ ರೂ. ವಿನಾಯಿತಿ ಸರಕಿನದೆಂದು ಭಾವಿಸೋಣ. ಒಟ್ಟು ಮೊತ್ತ ಮಿತಿಯನ್ನು ಮೀರಿರುವುದರಿಂದ ನೋಂದಣಿ ಕಡ್ಡಾಯ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡಲ್ಲಿ ಉಳಿದ 30 ಲಕ್ಷ ರೂ. ಮೇಲೆ ಶೇ. 1ರಂತೆ ವರ್ಷಕ್ಕೆ 30,000 ರೂ. ತೆರಿಗೆಯಾಗುತ್ತದೆ. ಈ ಪದ್ಧತಿಯು 1.5 ಕೋಟಿ ರೂ.ವರೆಗಿನ ವಹಿವಾಟಿಗೆ ಲಭ್ಯವಿದ್ದು, ಹೋಟೆಲುಗಳಿಗೆ ಶೇ. 5ರ ದರವಿದೆ. ತೆರಿಗೆಯನ್ನು ಗ್ರಾಹಕರಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ಖರೀದಿಯ ಮೇಲೆ ಕೊಟ್ಟ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹೊರರಾಜ್ಯಕ್ಕೆ ಸರಕು ಮಾರಾಟ ಮಾಡುವಂತಿಲ್ಲ.

ಖರೀದಿದಾರರು ಮುಖ್ಯವಾಗಿ ನೋಂದಾಯಿತ ವರ್ತಕರೇ ಆಗಿದ್ದಲ್ಲಿ ಸಾಮಾನ್ಯ ಪದ್ಧತಿ ಅನುಕೂಲಕರ. ರಾಜಿ ತೆರಿಗೆ ವರ್ತಕರ ಬಿಲ್ಲಿನ ಮೇಲೆ ಅವರಿಗೆ ಜಮೆ ಸಿಗದ ಕಾರಣ ಅವರು ಬೇರೆಡೆಗೆ ಹೋಗುವ ಸಂಭವವಿದೆ. ನೇರವಾಗಿ ಬಳಕೆದಾರರಿಗೆ ಮಾರುವವರಿಗೆ ಈ ತೊಡಕಿಲ್ಲ.

ಶೇ. 1ರ ಈ ದರವು ಮುಂಚಿತವಾಗಿ ಆಯ್ದುಕೊಂಡವರಿಗೆ ಮಾತ್ರ ಲಭ್ಯ. ನೋಂದಣಿಯಿಲ್ಲದೆ ಕಳೆದ ಅವಧಿಗೆ ಆಯಾ ಸರಕಿನ ಪೂರ್ಣ ದರದ ತೆರಿಗೆ, ಅದರ ಮೇಲೆ ಬಡ್ಡಿ ಮತ್ತು ದಂಡ ಬೀಳುತ್ತದೆ. ಸಕಾಲದಲ್ಲಿ ಸಾವಿರಗಳಲ್ಲಿ ಮುಗಿಯಬಹುದಾದ ಬಾಧ್ಯತೆಯು ವಿಳಂಬದಿಂದ ಲಕ್ಷಗಳಿಗೆ ಬೆಳೆಯುವುದು ಹೀಗೆ.

4. ದರ ಬದಲಾವಣೆ ಮತ್ತು ದಾಸ್ತಾನು

2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಶೇ. 5 ಹಾಗೂ ಶೇ. 18ರ ಹಂತಗಳಿಗೆ ಬಂದವು. ಸೋಪು, ಶಾಂಪೂ, ಟೂತ್‌ಪೇಸ್ಟ್ ಶೇ. 18ರಿಂದ ಶೇ. 5ಕ್ಕೂ, ಬೆಣ್ಣೆ ಮತ್ತು ತುಪ್ಪ ಶೇ. 12ರಿಂದ ಶೇ. 5ಕ್ಕೂ ಇಳಿದವು. ಬಳಕೆದಾರರಿಗೆ ಇದು ಲಾಭ. ವರ್ತಕರ ಮೇಲಿನ ಪರಿಣಾಮ ಮಾತ್ರ ಏಕರೂಪವಾಗಿರಲಿಲ್ಲ.

ತೆರಿಗೆ ಹೊರತುಪಡಿಸಿ 100 ರೂ. ಬೆಲೆಯ ಸೋಪನ್ನು ಹಳೆಯ ದರದಲ್ಲಿ 118 ರೂ.ಗೆ ಕೊಂಡ ಸಾಮಾನ್ಯ ಪದ್ಧತಿಯ ವರ್ತಕರಿಗೆ 18 ರೂ. ಜಮೆ ಉಳಿಯಿತು. ರಾಜಿ ತೆರಿಗೆ ವರ್ತಕರಿಗೆ ಜಮೆ ಇಲ್ಲ. ಹೊಸ ದಾಸ್ತಾನು 105 ರೂ.ಗೆ ದೊರೆಯುವಾಗ, ಸರಬರಾಜುದಾರರು ವ್ಯತ್ಯಾಸವನ್ನು ಭರಿಸಿಕೊಡದಿದ್ದಲ್ಲಿ 13 ರೂ. ಹೊರೆ ಅಂಗಡಿಯ ಮೇಲೆಯೇ ಬಿದ್ದಿತು. ಆದ್ದರಿಂದ ರಾಜಿ ತೆರಿಗೆ ವರ್ತಕರು ಹಬ್ಬದ ಮುನ್ನ ತಿಂಗಳುಗಟ್ಟಲೆಯ ದಾಸ್ತಾನು ಕೂಡಿಡುವಾಗ ದರ ಇಳಿಕೆಯ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

5. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ನೋಂದಣಿಗೆ ಬಾಧ್ಯರಾದ 30 ದಿನಗಳೊಳಗೆ ಜಿಎಸ್‌ಟಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸರ್ಕಾರಿ ಶುಲ್ಕವಿಲ್ಲ.
• ಪ್ಯಾನ್, ಆಧಾರ್, ಭಾವಚಿತ್ರ, ಬ್ಯಾಂಕ್ ಖಾತೆಯ ವಿವರ ಹಾಗೂ ವ್ಯಾಪಾರ ಸ್ಥಳದ ದಾಖಲೆಯನ್ನು ಸಿದ್ಧವಿಟ್ಟುಕೊಳ್ಳಬೇಕು. ಬಾಡಿಗೆ ಮಳಿಗೆಯಾಗಿದ್ದಲ್ಲಿ ಕರಾರು ಪತ್ರ ಬೇಕಾಗುತ್ತದೆ.
• ಹೊಸ ಅರ್ಜಿದಾರರು ರಾಜಿ ತೆರಿಗೆಯ ಆಯ್ಕೆಯನ್ನು ನೋಂದಣಿ ಅರ್ಜಿಯಲ್ಲಿಯೇ ನಮೂದಿಸಬಹುದು. ಈಗಾಗಲೇ ನೋಂದಾಯಿತರಾದವರು ಆರ್ಥಿಕ ವರ್ಷ ಆರಂಭವಾಗುವ ಮುನ್ನ ಆಯ್ಕೆಯನ್ನು ತಿಳಿಸಬೇಕು.
• ರಾಜಿ ತೆರಿಗೆಯನ್ನು ಪ್ರತಿ ತ್ರೈಮಾಸಿಕ ಮುಗಿದ ನಂತರದ ತಿಂಗಳ 18ನೇ ತಾರೀಖಿನೊಳಗೆ ಪಾವತಿಸಿ, ವಾರ್ಷಿಕ ವಿವರಪಟ್ಟಿಯನ್ನು ಜೂನ್ 30ರೊಳಗೆ ಸಲ್ಲಿಸಬೇಕು.
• ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಿಸಿ, ವಿನಾಯಿತಿ ಸರಕು ಮತ್ತು ತೆರಿಗೆಯುಳ್ಳ ಸರಕಿನ ಮಾರಾಟವನ್ನು ಬೇರೆ ಬೇರೆಯಾಗಿ ಬರೆದಿಡಬೇಕು.

ಪ್ರತಿ ತಿಂಗಳ ಕೊನೆಯಲ್ಲಿ ಏಪ್ರಿಲ್‌ನಿಂದ ಅಂದಿನವರೆಗಿನ ಒಟ್ಟು ಮಾರಾಟವನ್ನು ಕೂಡಿ ನೋಡುವ ವರ್ತಕರಿಗೆ ಮಿತಿ ತಲುಪುವ ತಿಂಗಳು ಮೊದಲೇ ತಿಳಿಯುತ್ತದೆ. ಯಾವ ಪದ್ಧತಿ ಲಾಭಕರವೆಂದು ಯೋಚಿಸಿ ನಿರ್ಧರಿಸಲು ಆಗ ಅವಕಾಶವಿರುತ್ತದೆ. ನೋಟಿಸು ಬಂದ ನಂತರ ಆ ಅವಕಾಶ ಉಳಿಯುವುದಿಲ್ಲ.