ಚಂಚಲ ಮಗುವಿಗೆ ಮನೆಯೇ ಪಾಠಶಾಲೆಯೇ?

ಒಂದೆಡೆ ಕುಳಿತುಕೊಳ್ಳದ, ಹೇಳಿದ ಪಾಠಕ್ಕೆ ಕಿವಿಗೊಡದ, ಬರೆಯತೊಡಗಿದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಏಳುವ ಮಕ್ಕಳು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಹಿಂದೆ ಅಂಥವರಿಗೆ ‘ಪೋಕರಿ’ ಎಂಬ ಬಿರುದೂ ಬೆತ್ತದ ಉಪಚಾರವೂ ಸದಾ ಸಿದ್ಧವಾಗಿರುತ್ತಿದ್ದವು. ಈಗ ವೈದ್ಯಶಾಸ್ತ್ರವು ಇದಕ್ಕೆ ಬೇರೆ ಹೆಸರು ಕೊಟ್ಟಿದೆ: ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ. ಇಂಥ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಾರದೇಕೆ ಎಂದು ಕೇಳುವ ಹೆತ್ತವರು ನಮ್ಮ ನಡುವೆಯೂ ಇದ್ದಾರೆ. ಗಡಿನಾಡಿನ ಕನ್ನಡ ಕುಟುಂಬಗಳ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇರುವುದರಿಂದ ಇದನ್ನು ತುಸು ವಿವರವಾಗಿ ಪರಿಶೀಲಿಸುವುದು ಯುಕ್ತ.

ಇದು ನಿನ್ನೆ ಮೊನ್ನೆ ಹುಟ್ಟಿದ ಕಾಯಿಲೆಯಲ್ಲ. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ನೀಡಿದ್ದರು. ಈಗಿನ ಹೆಸರು ರೂಢಿಗೆ ಬಂದದ್ದು 1987ರಲ್ಲಿ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆ ಇದೆಯೆಂದು ಲೆಕ್ಕ ಹಾಕಿದ್ದಾರೆ. ಇದು ಬಹುಮಟ್ಟಿಗೆ ವಂಶವಾಹಿಯಾಗಿ ಬರುವಂಥದ್ದು. ತಾಯಿಯ ಮುದ್ದಿನಿಂದಲೋ ತಂದೆಯ ಅಲಕ್ಷ್ಯದಿಂದಲೋ ಉಂಟಾಗುವುದಲ್ಲ. ಮೊಬೈಲನ್ನು ಮಾತ್ರ ಗಂಟೆಗಟ್ಟಲೆ ನೋಡುತ್ತಾನಲ್ಲ, ಆಗ ಗಮನ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಮಗುವಿನಲ್ಲಿ ಗಮನವೇ ಇಲ್ಲವೆಂದಲ್ಲ. ಬೇಕೆಂದಾಗ ಬೇಕಾದಲ್ಲಿ ಅದನ್ನು ನಿಲ್ಲಿಸಿಕೊಳ್ಳುವ ಶಕ್ತಿ ಕಡಿಮೆ. ಕ್ಷಣಕ್ಷಣಕ್ಕೂ ಹೊಸತನ್ನು ಕೊಡುವ ಪರದೆ ಆ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಮಗ್ಗಿಯ ಪುಸ್ತಕ ಮಾಡುವುದಿಲ್ಲ. ಓಡಾಡದೆ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತ ಕೂರುವ ಹುಡುಗಿಯರಲ್ಲೂ ಇದೇ ತೊಂದರೆ ಇರಬಹುದು. ಗಲಾಟೆ ಮಾಡದ ಕಾರಣ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಎ.ಡಿ.ಎಚ್.ಡಿ. ಇದೆಯೆಂದು ನಿರ್ಣಯಿಸಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡು ಕನಿಷ್ಠ ಆರು ತಿಂಗಳು ಉಳಿದಿರಬೇಕು. ಅದಕ್ಕಿಂತ ಮುಖ್ಯವಾಗಿ, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಕಂಡುಬರಬೇಕು. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದ್ದಕ್ಕಾಗಿ ಈ ಜಿಲ್ಲೆಯಲ್ಲಿ ಹಲವು ಬಾರಿ ಪ್ರತಿಭಟನೆಗಳು ನಡೆದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತನಗೆ ಅರ್ಥವಾಗದ ಭಾಷೆಯಲ್ಲಿ ಗಣಿತ ಕೇಳುವ ಎಂಟು ವರ್ಷದ ಮಗು ಬೆಂಚಿನ ಮೇಲೆ ಹೊರಳಾಡದೆ ಇನ್ನೇನು ಮಾಡೀತು? ಮನೆಯಲ್ಲಿ ಅಜ್ಜಿ ಹೇಳುವ ಕತೆಯನ್ನು ಕದಲದೆ ಕೇಳುವ ಮಗು ಆ ಒಂದು ತರಗತಿಯಲ್ಲಿ ಮಾತ್ರ ಚಂಚಲವಾಗಿದ್ದರೆ ಕೊರತೆ ಮಗುವಿನದ್ದಲ್ಲ, ವ್ಯವಸ್ಥೆಯದು. ಅದಕ್ಕೆ ಮದ್ದು ಮಾತ್ರೆಯಲ್ಲ, ಕನ್ನಡ ಬಲ್ಲ ಅಧ್ಯಾಪಕ. ಇದಕ್ಕೆ ತಿರುವು ಮುರುವಾದ ಅನ್ಯಾಯವೂ ಉಂಟು. ನಿಜವಾಗಿಯೂ ತೊಂದರೆಯಿರುವ ಮಗುವನ್ನು ‘ಅವನಿಗೆ ಭಾಷೆ ಬರುವುದಿಲ್ಲ, ಅಷ್ಟೆ’ ಎಂದು ವರ್ಷಗಟ್ಟಲೆ ತಳ್ಳಿಹಾಕಿದರೆ ಅದರ ಕಲಿಕೆಯ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಆದುದರಿಂದ ಮೊದಲು ಕಿವಿ, ಕಣ್ಣುಗಳ ಪರೀಕ್ಷೆ. ಆಮೇಲೆ ಮಗುವಿನ ಭಾಷೆ ಬಲ್ಲವರಿಂದ ಮನಸ್ಸಿನ ಪರೀಕ್ಷೆ. ಇದೇ ಸರಿಯಾದ ಕ್ರಮ.

ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಇಷ್ಟೊಂದು ಭಾಷೆಗಳೇ ಮಗುವಿನ ತಲೆ ಕೆಡಿಸಿದವು ಎನ್ನುವವರ ಮಾತಿಗೂ ಆಧಾರವಿಲ್ಲ. ಹಲವು ಭಾಷೆಗಳ ಬಳಕೆಯಿಂದ ಎ.ಡಿ.ಎಚ್.ಡಿ. ಬರುವುದಿಲ್ಲ. ಸಪ್ತಭಾಷೆಗಳ ಈ ನೆಲದಲ್ಲಿ ಮಗುವಿನಿಂದ ಮನೆಮಾತನ್ನು ಕಿತ್ತುಕೊಂಡರೆ ಅದಕ್ಕೆ ಸಮಾಧಾನ ಹೇಳುವ ಮಾತನ್ನೇ ಕಿತ್ತುಕೊಂಡಂತೆ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಮಗುವನ್ನು ಎಂಟನೆಯ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತೆಯೂ ಇಲ್ಲ. ‘ನಿಮ್ಮ ಹುಡುಗನನ್ನು ಬೇರೆ ಕಡೆ ಸೇರಿಸಿ’ ಎಂಬ ಸೂಚನೆ ಬಂದಾಗ ತಲೆತಗ್ಗಿಸಿ ಹಿಂದಿರುಗುವ ಹೆತ್ತವರು ಇದನ್ನು ತಿಳಿದಿರಬೇಕು. ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ನೀಡಿರುವುದು ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಕ್ಕಳಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಭಾಗಗಳಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆ ಸೇರಿದೆಯೇ ಹೊರತು ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲ. ಆದುದರಿಂದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಸಲು ಯಾರೂ ಅವಸರಪಡಬಾರದು. ಮುಂದೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಗೆ ಕಟ್ಟಿಸುವ ದಾರಿಯೂ ಇದೆ; ಅದಕ್ಕೆ 14 ವರ್ಷ ತುಂಬಿರಬೇಕು, ಯಾವ ಭಾಷೆಯಲ್ಲಿ ಬರೆಯಬಹುದೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಶಾಲೆಯ ಹೆಸರು ಉಳಿಸಿಕೊಂಡೇ ಮನೆಯಲ್ಲಿ ಕಲಿಸುವುದಕ್ಕೆ ಅಡ್ಡಿಯೇನಿದೆ? ಸಂಜೆ, ರಜಾದಿನ, ಅಗತ್ಯ ಬಿದ್ದರೆ ಕೆಲವು ವಾರಗಳು ಮನೆ ನಿಜವಾದ ಪಾಠಶಾಲೆಯಾಗಬಲ್ಲದು. ಆದರೆ ಮನೆಯ ಪಾಠವೆಂದರೆ ಶಾಲೆಯ ಬೆಂಚನ್ನು ಚಾವಡಿಗೆ ತಂದಿಡುವುದಲ್ಲ. ಒಂದು ಗಂಟೆ ಕೂರಿಸುವ ಬದಲು ಹತ್ತು ಹದಿನೈದು ನಿಮಿಷದ ಪಾಠ, ನಡುವೆ ಬಾವಿಕಟ್ಟೆಯವರೆಗೆ ಒಂದು ಓಟ. ಒಮ್ಮೆಗೆ ಒಂದೇ ಮಾತು ಹೇಳಬೇಕು. ‘ಕೈ ತೊಳೆದು, ಚೀಲ ತೆಗೆದು, ಲೆಕ್ಕ ಬರೆ’ ಎಂದರೆ ಮೊದಲನೆಯದಷ್ಟೇ ಉಳಿಯುತ್ತದೆ. ದಿನದ ಕೆಲಸಗಳ ಪಟ್ಟಿ ಗೋಡೆಯಲ್ಲಿ ಕಣ್ಣಿಗೆ ಕಾಣುವಂತಿರಲಿ. ಮಾಡಿದ ಕೆಲಸಕ್ಕೆ ಮೆಚ್ಚುಗೆ ಆಗಲೇ ಸಿಗಲಿ, ತಿಂಗಳ ಕೊನೆಯ ಸೈಕಲಿನ ಆಸೆ ಈ ಮಕ್ಕಳಿಗೆ ಬಹು ದೂರದ್ದು. ಮಲಗುವ ಹೊತ್ತು ತಪ್ಪದಿರಲಿ.

ಕೈಗೂ ಕಾಲಿಗೂ ಕೆಲಸವಿದ್ದರೆ ಮನಸ್ಸು ನಿಲ್ಲುತ್ತದೆ. ಇದಕ್ಕೆ ಪೇಟೆಯಿಂದ ಆಟಿಕೆ ತರಬೇಕಾಗಿಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯಿದೆ. ಪಟೋರ, ಉಳ್ಳಿ, ಕರಿಗೋಟು ಎಂದು ಬೇರ್ಪಡಿಸಿ, ಹತ್ತರ ಗುಂಪು ಮಾಡಿ, ತೂಗಿ, ಧಾರಣೆಗೆ ಗುಣಿಸಿದರೆ ನಾಲ್ಕು ತರಗತಿಯ ಗಣಿತ ಅಲ್ಲೇ ಆಯಿತು. ಪಾರ್ತಿಸುಬ್ಬನ ಈ ನಾಡಿನಲ್ಲಿ ಯಕ್ಷಗಾನದ ತಾಳ ಕೇಳದ ಮಗು ಯಾವುದು? ತ್ರಿವುಡೆಯ ಏಳು ಅಕ್ಷರಗಳನ್ನು ಕೈತಟ್ಟಿ ಎಣಿಸುತ್ತ, ಹೆಜ್ಜೆ ಹಾಕುತ್ತ ಏಳರ ಮಗ್ಗಿ ಹೇಳಿಸಿ ನೋಡಬಹುದು. ಬರೆಯಲು ಬೇಸರಿಸುವ ಮಗು ಉತ್ತರವನ್ನು ಬಾಯಲ್ಲಿ ಹೇಳಲಿ.

ಔಷಧದ ವಿಷಯದಲ್ಲಿ ಎರಡೂ ಅತಿರೇಕಗಳು ಬೇಡ. ಮಿಥೈಲ್ ಫೆನಿಡೇಟ್ ಮುಂತಾದ ಔಷಧಗಳು ಮಗುವನ್ನು ಮಂಕಾಗಿಸಿ ಮಲಗಿಸಲೆಂದು ಕೊಡುವಂಥವಲ್ಲ. ಹಲವು ಮಕ್ಕಳಿಗೆ ಅವುಗಳಿಂದ ನಿಜವಾದ ಪ್ರಯೋಜನವಾಗಿದೆ. ಆರು ವರ್ಷಕ್ಕಿಂತ ಚಿಕ್ಕವರಿಗಾದರೆ ಹೆತ್ತವರಿಗೆ ತರಬೇತಿ ನೀಡುವುದೇ ಮೊದಲ ಚಿಕಿತ್ಸೆ. ತಜ್ಞ ವೈದ್ಯರನ್ನು ಕೇಳದೆ ಔಷಧ ತೊಡಗುವುದೂ ನಿಲ್ಲಿಸುವುದೂ ಸಲ್ಲದು.

ಮನೆಪಾಠವೆಂಬುದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಮರೆಯಬಾರದು. ಅದರ ಭಾರ ಬೀಳುವುದು ಹೆಚ್ಚಾಗಿ ತಾಯಿಯ ಮೇಲೆ. ಅಡುಗೆ, ಹಟ್ಟಿ, ತೋಟದ ಕೆಲಸಗಳ ನಡುವೆ ದಿನವಿಡೀ ಅಧ್ಯಾಪಿಕೆಯೂ ಆಗಬೇಕಾದಾಕೆ ಒಂದು ದಿನ ಸಿಡಿಮಿಡಿಗೊಂಡರೆ ಆಶ್ಚರ್ಯವಿಲ್ಲ. ತಂದೆಯೂ ಅಜ್ಜ ಅಜ್ಜಿಯರೂ ಪಾಠವನ್ನು ಹಂಚಿಕೊಳ್ಳಲೇಬೇಕು. ಸರದಿ ಕಾಯುವುದು, ಸೋತು ಮತ್ತೆ ಆಡುವುದು ಇವನ್ನು ಇಂಥ ಮಗು ಇತರ ಮಕ್ಕಳೊಡನೆಯೇ ಕಲಿಯಬೇಕು. ನಾಲ್ಕು ಜನರ ಮಾತಿಗೆ ಹೆದರಿ ಮಗುವನ್ನು ಮನೆಯಲ್ಲಿ ಮರೆಸಿಡುವುದು ಶಿಕ್ಷಣವಲ್ಲ.

ಹಾಗಾದರೆ ಶಾಲೆಯ ಹೊಣೆಯೇನು? ಸಮಗ್ರ ಶಿಕ್ಷಾ ಯೋಜನೆಯಡಿ ಬಿ.ಆರ್.ಸಿ.ಗಳಲ್ಲಿ ವಿಶೇಷ ಶಿಕ್ಷಕರ ಸೇವೆಯ ಏರ್ಪಾಡಿದೆ. ಕನ್ನಡ ಮಗುವಿನ ಬಳಿಗೆ ಬರುವ ವಿಶೇಷ ಶಿಕ್ಷಕರಿಗೆ ಕನ್ನಡ ಬರಬೇಕು. ಪರೀಕ್ಷಾ ಸಾಮಗ್ರಿ, ಹೆತ್ತವರಿಗೆ ಕೊಡುವ ಕೈಪಿಡಿ, ಸಲಹೆ ಎಲ್ಲವೂ ಕನ್ನಡದಲ್ಲಿ ಸಿಗಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಬೇಕೆಂಬ 350 ಎ ವಿಧಿಯು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಆ ವಿಧಿ ಚುರುಕು ಮಕ್ಕಳಿಗೆ ಮಾತ್ರ ಅನ್ವಯಿಸುವಂಥದ್ದಲ್ಲ. ಸಭೆ ಸೇರಿ ಭಾಷೆಯ ಹಕ್ಕನ್ನು ಕೇಳುವ ನಮ್ಮ ಸಂಘಟನೆಗಳು ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಈ ಮಕ್ಕಳಿಗೂ ಒಂದು ಸಾಲು ಕೊಡಬೇಕು. ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳು ಬರುವ ಸಭೆಯಲ್ಲೇ ನಿರ್ಣಯ ಕೈಗೊಂಡು, ಎಷ್ಟು ಮಕ್ಕಳಿಗೆ ಇಂಥ ನೆರವು ಬೇಕಾಗಿದೆ ಎಂಬ ಲೆಕ್ಕವನ್ನು ಜಿಲ್ಲಾ ಶಿಕ್ಷಣಾಧಿಕಾರಿಗಳ ಮುಂದಿಡಲಿ. ಅಲ್ಲಿಯವರೆಗೆ ಮನೆಯೂ ಶಾಲೆಯೂ ಒಂದನ್ನೊಂದು ದೂರದೆ, ಮಗುವಿನ ಎರಡು ಕೈಗಳನ್ನು ಎರಡು ಕಡೆಯಿಂದ ಹಿಡಿದುಕೊಂಡು ನಡೆಯಬೇಕೆಂಬುದು ನಮ್ಮ ಅಭಿಮತ.