ಏಸಿ ತರೋ ಮುಂಚೆ ಅಳತೆ ತಗೊಳ್ರಪ್ಪ

1/6
ಏಪ್ರಿಲ್ ಬಂತು ಅಂದ್ರೆ ದಾವಣಗೆರೆಯಲ್ಲಿ ಎಲ್ಲರೂ ಡಾಕ್ಟರೇ. "ರೂಮ್ ಕುದೀತಿದೆ" ಅಂದ್ರೆ ಓನರ್ ಹೇಳ್ತಾರೆ, "ಬೇಸಿಗೆ ಅಲ್ವಾ, ಹಂಗೇ." ಅಂಗಡಿಯವರು ಹೇಳ್ತಾರೆ, "ಒಂದೂವರೆ ಟನ್ ಹಾಕ್ಸಿ, ಇಎಂಐ ಇದೆ." ಫ್ರೆಂಡ್ ಹೇಳ್ತಾನೆ, "ಕೂಲರ್ ತಗೋ ಮಗಾ." ಮೂವರಲ್ಲಿ ಒಬ್ಬರಾದ್ರೂ ಒಂದು ಅಳತೆ ತಗೊಂಡ್ರಾ? ಮೈ ಮುಟ್ಟಿ ನೋಡದೆ ಮಾತ್ರೆ ಬರೆಯೋ ಡಾಕ್ಟರ್ ಹತ್ರ ನೀವು ಹೋಗಲ್ಲ. ರೂಮಿನ ವಿಷಯದಲ್ಲಿ ಮಾತ್ರ ಯಾಕೆ ತಲೆ ಆಡಿಸ್ತೀರಿ?

2/6
"ಶೆಖೆ" ಒಂದೇ ಕಾಯಿಲೆ ಅಲ್ಲ. ಮೇಲಿನ ಸ್ಲ್ಯಾಬ್ ಕಾದಿರಬಹುದು. ಪಶ್ಚಿಮದ ಗೋಡೆ ಕಾದಿರಬಹುದು. ಗಾಳಿ ಆಡದೆ ಇರಬಹುದು. ಇಲ್ಲಾ ತೇವ ಹೆಚ್ಚಾಗಿ ಬೆವರು ಆರದೆ ಇರಬಹುದು. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಟಾಪ್ ಫ್ಲೋರ್ ರೂಮಿಗೆ ಮಂಡಕ್ಕಿ ಭಟ್ಟಿ ಅಂತ ತಮಾಷೆ ಮಾಡ್ತೀವಲ್ಲ, ಅದು ಪೂರ್ತಿ ತಮಾಷೆ ಅಲ್ಲ. ಭಟ್ಟಿಯಲ್ಲಿ ಮರಳು ಶಾಖ ಹಿಡಿದಿಟ್ಟು ಅಕ್ಕಿಗೆ ಕೊಡುತ್ತೆ. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೂ ಗಂಟೆಗಟ್ಟಲೆ ನಿಮಗೆ ಕೊಡುತ್ತೆ. ಫ್ಯಾನ್ ಆ ಗಾಳಿಯನ್ನು ತಂಪು ಮಾಡಲ್ಲ, ಮೈಯ ಬೆವರು ಆರಿಸುತ್ತೆ ಅಷ್ಟೇ.

3/6
ಸರಿ, ಅಳೆಯೋದು ಹೆಂಗೆ? ತೇವಾಂಶವನ್ನೂ ತೋರಿಸೋ ಸಣ್ಣ ಡಿಜಿಟಲ್ ಥರ್ಮಾಮೀಟರ್ ಎರಡು ಬೇಕು. ನಾಲ್ಕು ಜನ ಸೇರಿ ತಗೊಳ್ಳಿ, ಸರದಿ ಮೇಲೆ ಬಳಸಿ. ಒಂದನ್ನು ಮಂಚದ ಎತ್ತರಕ್ಕೆ, ಗೋಡೆಗೆ ತಾಗದ ಹಾಗೆ ಇಡಿ. ಇನ್ನೊಂದು ಹೊರಗೆ, ನೆರಳಲ್ಲಿ. ಮೂರು ದಿನ, ಬೆಳಗ್ಗೆ 6, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನೋಟ್‌ಬುಕ್‌ನಲ್ಲಿ ಬರೆದಿಡಿ.

ಮೊಬೈಲ್ ಆ್ಯಪ್ ತೋರಿಸೋ ನಂಬರ್ ಊರಿನದು, ನಿಮ್ಮ ರೂಮಿನದಲ್ಲ. ಕೊರೋನಾ ಕಾಲದಲ್ಲಿ ಹಣೆಗೆ ಹಿಡೀತಿದ್ದ ಗನ್ನನ್ನು ಗೋಡೆಗೆ ಹಿಡೀಬೇಡಿ, ಅದು ಮೈ ಜ್ವರಕ್ಕೆ ಮಾಡಿದ್ದು.

4/6
ಈಗ ಓದಿ. ರಾತ್ರಿ 10ಕ್ಕೆ ಹೊರಗಿಗಿಂತ ಒಳಗೆ ನಾಲ್ಕೈದು ಡಿಗ್ರಿ ಹೆಚ್ಚಿದ್ದು, ಚಾವಣಿ ಗೋಡೆಗಿಂತ ಬಿಸಿ ಇದ್ರೆ, ಕಳ್ಳ ಮೇಲಿದ್ದಾನೆ. ಸಂಜೆ ಪಶ್ಚಿಮದ ಗೋಡೆಗೆ ಕೈ ಇಟ್ಟರೆ ಸುಟ್ಟಂಗಾದ್ರೆ, ಆ ಗೋಡೆಗೂ ಕಿಟಕಿಗೂ ಹೊರಗಿನಿಂದ ನೆರಳು ಬೇಕು. ಒಳಗಿನ ಪರದೆ ಸಾಲದು, ಬಿಸಿಲು ಆಗಲೇ ಗಾಜು ದಾಟಿರುತ್ತೆ. ಕಿಟಕಿ ತೆರೆದು, ಫ್ಯಾನ್ ಆಫ್ ಮಾಡಿ ಊದುಬತ್ತಿ ಹಚ್ಚಿ: ಹೊಗೆ ನೆಟ್ಟಗೆ ಮೇಲೆ ಹೋದ್ರೆ ಗಾಳಿಗೆ ದಾರಿ ಇಲ್ಲ. ತೇವಾಂಶ ಆಗಲೇ 70 ದಾಟಿದ್ರೆ ಕೂಲರ್ ತಂದು ಇನ್ನಷ್ಟು ನೀರು ಸೇರಿಸಬೇಡಿ. ಯುಗಾದಿಯ ಒಣ ಬಿಸಿಲಿಗೆ ಒಗ್ಗಿದ ಕೂಲರ್ ಮುಂಗಾರಿನ ಮೋಡಕ್ಕೆ ಒಗ್ಗಲ್ಲ.

ಮದ್ದು ಹಾಕುವಾಗ ಒಂದು ಸಲಕ್ಕೆ ಒಂದೇ. ನಿಮ್ಮ ರೂಮಿನ ಮೇಲೆ ಮಾತ್ರ ಬಿಳಿ ಸುಣ್ಣ ಬಳಿದು, ಪಕ್ಕದ ಅಂಥದ್ದೇ ರೂಮನ್ನು ಹಾಗೇ ಬಿಡಿ. ಒಂದೇ ದಿನ, ಒಂದೇ ಹೊತ್ತು ಎರಡೂ ಅಳೆಯಿರಿ. ನಿನ್ನೆಗೂ ಇವತ್ತಿಗೂ ಹೋಲಿಸಿದ್ರೆ ಮೋಡ ಬಂದು ಮೋಸ ಮಾಡುತ್ತೆ.

5/6
"ದುಡ್ಡಿದ್ರೆ ಏಸಿ ಹಾಕಿಸಿದ್ರೆ ತಪ್ಪೇನು?" ತಪ್ಪೇನಿಲ್ಲ. ಅಜ್ಜಿಯೋ ಕಾಯಿಲೆಯವರೋ ಎಳೆ ಮಗುವೋ ಇದ್ರೆ ಹಾಕಿಸಲೇಬೇಕಾಗಬಹುದು, ಶಾಖ ಜೀವಕ್ಕೇ ಕುತ್ತು. ಆದ್ರೆ ಕಾದ ಸ್ಲ್ಯಾಬ್ ಕೆಳಗಿನ ಏಸಿ ತೂತು ಕೊಡಕ್ಕೆ ನೀರು ಹೊಯ್ದಂಗೆ. ಗಂಟೆಗೆ 1 ಯೂನಿಟ್ ಅಂತ ಹಿಡೀರಿ. ದಿನಾ 8 ಗಂಟೆ, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ. ಆ ಇಎಂಐ ಕಟ್ಟೋರು ಯಾರು? ನಮ್ಮ ಅಪ್ಪ ಅಮ್ಮ.

6/6
ನನ್ನ ಸಿಟ್ಟು ಬಿಸಿಲಿನ ಮೇಲಲ್ಲ, "ಹಂಗೇ" ಅನ್ನೋ ಮಾತಿನ ಮೇಲೆ. ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತೆ 2018ರಲ್ಲೇ ಮನೆಯ ಚಾವಣಿ ಎಷ್ಟು ಶಾಖ ಬಿಡಬಹುದು ಅಂತ ಮಿತಿ ಬರೆದಿದೆ. ನಮ್ಮ ತಲೆ ಮೇಲಿರೋ ಬರೀ ಸ್ಲ್ಯಾಬ್ ಅದರ ದುಪ್ಪಟ್ಟಿಗೂ ಮೀರಿ ಬಿಡುತ್ತೆ. ಬಾಡಿಗೆ ಮಾತ್ರ ಕೆಳಗಿನ ಫ್ಲೋರಿನಷ್ಟೇ!

ಹರಿಹರದವರೇ, ನಿಮ್ಮೂರು ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ದೇಶಕ್ಕೇ ಕೊಟ್ಟ ಊರು. ಅಳೆಯದೆ ಕಬ್ಬಿಣಕ್ಕೆ ಉಳಿ ಹಚ್ಚೋ ಕೆಲಸಗಾರ ಅಲ್ಲಿ ಒಂದು ದಿನ ಉಳೀತಿರಲಿಲ್ಲ. ಆ ಬುದ್ಧಿ ನಮ್ಮ ಮನೆಯೊಳಗೂ ಬರಲಿ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಇದೆ, ನಿದ್ದೆ ಕೆಟ್ಟರೆ ಓದಿದ್ದೂ ಕೆಟ್ಟಂಗೆ. ಓನರ್ ಹತ್ರ "ತುಂಬಾ ಶೆಖೆ ಅಂಕಲ್" ಅಂತ ಹೋಗಬೇಡಿ. ಮೂರು ದಿನದ ಹನ್ನೆರಡು ಅಳತೆ ಹಿಡ್ಕೊಂಡು ಹೋಗಿ, ಟೆರೇಸಿಗೆ ಸುಣ್ಣ ಕೇಳಿ. ಗೋಳಿಗೆ "ಹಂಗೇ" ಅನ್ನಬಹುದು. ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತೆ.

ಸೇವ್ ಮಾಡ್ಕೊಳ್ಳಿ. ಟಾಪ್ ಫ್ಲೋರ್ ಫ್ರೆಂಡ್‌ಗೆ ಕಳಿಸಿ. ನಿಮ್ಮ ರಾತ್ರಿ 10ರ ನಂಬರ್ ಕಾಮೆಂಟಲ್ಲಿ ಹಾಕಿ: ಒಳಗೆ ಎಷ್ಟು, ಹೊರಗೆ ಎಷ್ಟು?

#ದಾವಣಗೆರೆ #ಹರಿಹರ #ಅಳೆದುನೋಡಿ